ಇಪ್ಪತ್ತೆಂಟು ದೋಸೆಗಳ ಉಪವಾಸ

ಮಾಲೂರಿನ ನಮ್ಮ ಚರ್ಚಿನ ಸಭೆಯ ಚಂದ್ರಮೋಹನ್ ಉಪವಾಸ ಶುರುಮಾಡಿದರೆ ಮೊದಲು ಗೊತ್ತಾಗುವುದು ದೇವರಿಗಲ್ಲ, ಮೊಬೈಲಿಗೆ. ಈಸ್ಟರಿಗೆ ಮುಂಚಿನ ನಲವತ್ತು ದಿನವೂ ಬೆಳಿಗ್ಗೆ ಆರಕ್ಕೆ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದು ಲೋಟ ನೀರಿನ ಫೋಟೊ: "ಹನ್ನೊಂದನೇ ದಿನ. ಸೂರ್ಯ ಮುಳುಗುವವರೆಗೆ ಬರೀ ನೀರು. ಮಹಿಮೆ ಆತನಿಗೇ." ಮಹಿಮೆ ಆತನಿಗೆ ತಲುಪುತ್ತಿತ್ತೋ ಏನೋ, ಕೈಮುಗಿಯುವ ಚಿತ್ರಗಳೆಲ್ಲ ಇವನಿಗೇ ಬರುತ್ತಿದ್ದವು.

ಐವತ್ತೆರಡರ ಆಸಾಮಿ. ತರಕಾರಿ ಬೀಜದ ಕಂಪನಿಯೊಂದರ ಪರವಾಗಿ ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಸುತ್ತುವ ಕೆಲಸ. ಮಾರುವುದು ಟೊಮ್ಯಾಟೊ ಬೀಜ, ಬಿತ್ತುವುದು ಸ್ವಂತ ಹೆಸರು. ಪ್ರಾರ್ಥನೆಗೆ ಎದ್ದರೆ ಮೈಕು ಸರಿಮಾಡುವುದಕ್ಕೇ ಎರಡು ನಿಮಿಷ. ಕಣ್ಣು ಮುಚ್ಚಿರುತ್ತಿದ್ದ, ಯಾರು ಯಾರು ಕೇಳುತ್ತಿದ್ದಾರೆಂದು ಕಾಣುವಷ್ಟು ಸಂದು ಬಿಟ್ಟು.

ಇಂಥ ಉಪವಾಸಕ್ಕೆ ಐದು ವರ್ಷ ತುಂಬಿದ್ದರಿಂದ ಈಸ್ಟರ್ ಭಾನುವಾರ ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದಾಗಿ ಪಾದ್ರಿ ಅಯ್ಯನವರು ಪ್ರಕಟಿಸಿದರು. "ಅದೆಲ್ಲ ನನಗ್ಯಾಕೆ ಅಯ್ನೋರೇ" ಎಂದ ಚಂದ್ರಮೋಹನ್, ಶಾಲು ಮೆರೂನ್ ಬಣ್ಣದ್ದಾದರೆ ಫೋಟೊಗೆ ಒಪ್ಪುತ್ತದೆ ಎಂದೂ ಸೇರಿಸಿದ.

ಉಪವಾಸಕ್ಕೂ ಉಪಾಹಾರಕ್ಕೂ 'ಉಪ' ಒಂದೇ. ಮಧ್ಯಾಹ್ನ ಹನ್ನೆರಡಾದರೆ ಅವನು ಮುಳಬಾಗಿಲಿನ ಒಂದು ಹೋಟೆಲಿನ ಮೂಲೆ ಮೇಜಿನಲ್ಲಿ ಬೆಣ್ಣೆ ದೋಸೆಯ ಮುಂದಿರುತ್ತಿದ್ದ. ದೋಸೆಯಲ್ಲಿ ದೋಷವೇನೂ ಇರಲಿಲ್ಲ. ಮಾಲೂರಿನವರು ಅಷ್ಟು ದೂರ ಬರುವುದಿಲ್ಲ ಎಂಬುದು ಅವನ ದೃಢ ವಿಶ್ವಾಸ. ಅವನಲ್ಲಿದ್ದ ದೃಢ ವಿಶ್ವಾಸ ಅದೊಂದೇ.

ಈಸ್ಟರಿಗೆ ಹತ್ತು ದಿನವಿದ್ದಾಗ, ಇಪ್ಪತ್ತೆಂಟನೆಯ ದೋಸೆ ಅರ್ಧಕ್ಕೆ ಬಂದಿತ್ತು. "ಏಮಣ್ಣಾ, ಇಂಕೊಕಟಿ ವೇಯಾಲಾ?" ಎಂದು ಹೋಟೆಲಿನ ಮುನಿರಾಮಪ್ಪ ತೆಲುಗಿನಲ್ಲಿ ಇನ್ನೊಂದು ದೋಸೆಗೆ ಕೇಳುತ್ತಿರುವಾಗಲೇ ಫ್ಲಾಸ್ಕ್ ಹಿಡಿದು ಒಳಗೆ ಬಂದವಳು ಭಾರತಮ್ಮ, ನಮ್ಮ ದೇವಾಲಯ ಗುಡಿಸುವ ಹೆಂಗಸು. ಅಳಿಯನ ಊರು ಅದು. ಮಗಳು ಹೆರಿಗೆಗೆ ಆಸ್ಪತ್ರೆ ಸೇರಿದ್ದಳು.

"ಭಾರತಕ್ಕಾ! ಬನ್ನಿ ಬನ್ನಿ, ಒಂದು ದೋಸೆ ತಿನ್ನಿ" ಎಂದ ಚಂದ್ರಮೋಹನ್. ಅವಳ ಕೈಗೂ ಬೆಣ್ಣೆ ಹತ್ತಿದರೆ ಬಾಯಿ ಕಟ್ಟುತ್ತದೆಂಬ ಲೆಕ್ಕ.

"ಬೇಡಣ್ಣ, ಸಂಜೆ ನೋಡ್ಕೊಂಡ್ರಾಯ್ತು. ಮಗಳಿಗೆ ಬಿಸಿನೀರು ತಗೊಂಡ್ ಹೋಗ್ತೀನಿ."

ಆ ನಲವತ್ತು ದಿನ ಭಾರತಮ್ಮನೂ ಹಗಲು ಏನೂ ತಿನ್ನುವುದಿಲ್ಲವೆಂದು ಸಭೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ಚಂದ್ರಮೋಹನನಿಗೆ ಗೊತ್ತಾಗಬಹುದಿತ್ತು. ಆದರೆ ಅವನ ಚಿಂತೆ ಅವಳ ಬಾಯಿಂದ ಏನು ಹೊರಬೀಳುತ್ತದೆ ಎಂಬುದು. ಒಳಗೆ ಏನು ಹೋಗುತ್ತಿಲ್ಲ ಎಂಬುದಲ್ಲ.

ಇಪ್ಪತ್ತೆಂಟು ದೋಸೆಯನ್ನೂ ದೇವರು ನೋಡಿದ್ದ. ಅದಕ್ಕೆ ಇವನ ಹಸಿವು ಒಂದು ದಿನವೂ ಕುಗ್ಗಲಿಲ್ಲ. ಭಾರತಮ್ಮ ಅರ್ಧ ದೋಸೆ ನೋಡಿದ್ದೇ ತಡ, ಅನ್ನ ಸೇರದಾಯಿತು. ಐದು ವರ್ಷದಲ್ಲಿ ಅವನು ಮಾಡಿದ ನಿಜವಾದ ಉಪವಾಸ ಅದೊಂದೇ, ಅದೂ ಭಾರತಮ್ಮನ ಹೆಸರಲ್ಲಿ.

"ಅವಳು ಹೇಳಿಬಿಟ್ರೆ ಏನ್ ಮಾಡೋದು ಕಣೇ?" ಎಂದು ಹೆಂಡತಿ ಸುನಂದಳ ಮುಂದೆ ಗೋಳಾಡಿದ.

"ಹೇಳ್ಲಿ ಬಿಡಿ. ಈ ಬಿಸಿಲಲ್ಲಿ ಶಾಲು ಯಾಕ್ರೀ ನಿಮಗೆ?"

ಶಾಲು ಬೇಕಿತ್ತು. ಅವಳು ಹೇಳುವ ಮೊದಲು ತಾನೇ ಹೇಳಿಬಿಟ್ಟರೆ? ಈಸ್ಟರ್ ದಿನ ಸಭೆಯ ಮುಂದೆ ಸಾಕ್ಷಿ ಹೇಳಲು ಮೈಕು ಹಿಡಿದ.

"ಪ್ರಿಯರೇ, ನಾನು ಪಾಪಿ. ಹಸಿವು ತಡೆಯಲಾರದೆ ಒಂದು ದಿನ... ಒಂದೇ ಒಂದು ದೋಸೆ..." ಗಂಟಲು ಕಟ್ಟಿತು. ಉಳಿದ ಇಪ್ಪತ್ತೇಳು ಅಲ್ಲೇ ಸಿಕ್ಕಿಕೊಂಡಿರಬೇಕು.

"ಹಲ್ಲೆಲೂಯಾ!" ಎಂದಿತು ಸಭೆ. ಮುಂದಿನ ಸಾಲಿನ ಗಂಗರತ್ನಮ್ಮ ಕಣ್ಣೊರೆಸಿಕೊಂಡರು. ಇಂಥ ದೀನತೆ ಎಲ್ಲಿ ಸಿಗುತ್ತದೆಂದು ಅಯ್ಯನವರು ಶಾಲು ಹೊದಿಸಿಯೇಬಿಟ್ಟರು. ಸುನಂದ ಹಾಡಿನ ಪುಸ್ತಕ ಮುಖಕ್ಕೆ ಅಡ್ಡ ಹಿಡಿದಳು.

ಎಲ್ಲರೂ ಹೊರಟ ಮೇಲೆ ಚಂದ್ರಮೋಹನ್ ಭಾರತಮ್ಮನ ಹತ್ತಿರ ಬಂದ.

"ಅಕ್ಕಾ, ಆ ದೋಸೆ ವಿಷಯ ಯಾರಿಗಾದ್ರೂ ಹೇಳಿದ್ರಾ?"

"ಅಯ್ಯೋ, ಆವತ್ತು ನನಗೆ ಮಗಳದೇ ಚಿಂತೆ. ನಿಮ್ ತಟ್ಟೇಲಿ ಏನಿತ್ತು ಅಂತ ಯಾರಣ್ಣ ನೋಡ್ದೋರು?"

ಒಪ್ಪಿಕೊಂಡ ಒಂದು ಪಾಪ ಸುಮ್ಮನೆ ದಂಡವಾಯಿತಲ್ಲ ಎಂಬಂತೆ ಅವನ ಮುಖ ಬಾಡಿತು. ಮಗುವಾಯಿತೇ, ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. ಶಾಲಿನ ಅಂಚು ಸರಿಮಾಡಿಕೊಂಡ.

"ಹೋಗ್ಲಿ ಬಿಡಿ. ನನ್ನ ಸಾಕ್ಷಿ ಹೆಂಗಿತ್ತು?"

"ಜಮಖಾನ ಸುತ್ಬೇಕು ಅಣ್ಣ. ಸ್ವಲ್ಪ ಕಾಲೆತ್ತಿ."