ಸಂಕಲ್ಪದಲ್ಲಿ ಬಂದ ಊರು

ದೇವರ ವಿಷಯದಲ್ಲಿ ನನಗೆ ಎಂದೂ ಸಂಶಯ ಬಂದದ್ದಿಲ್ಲ; ಪವಾಡಗಳಲ್ಲಿ ಮಾತ್ರ ನಂಬಿಕೆ ಇರಲಿಲ್ಲ. ಸಂಸ್ಕೃತ ಕಲಿಸುತ್ತ ಮುದುಕನಾದವನು ನಾನು. ಯಾರಾದರೂ ಅಂಥ ಕಥೆ ಹೇಳಿದರೆ ಗೌರವದಿಂದ ಕೇಳಿ, ಮನಸ್ಸಿನಲ್ಲೇ ಬದಿಗಿಡುತ್ತಿದ್ದೆ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ಓದುಗರು ಬದಿಗಿಟ್ಟರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿ ನವನಗರದ ನಮ್ಮ ಮನೆಯ ಮಹಡಿಯಲ್ಲಿ ಹಿರೋಶಿ ಎಂಬ ಜಪಾನಿ ತರುಣ ಬಾಡಿಗೆಗಿದ್ದ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಬಂದವನು. ಅಲ್ಲಿಯ ಕೆಲಸಗಾರರಿಂದಲೇ ಕನ್ನಡ ಕಲಿತಿದ್ದ. ರವಿವಾರ ನಮ್ಮಲ್ಲಿ ಊಟಕ್ಕೆ ಬಂದಾಗ ತನ್ನ ನಾಡಿನ ವಿಷಯ ಹೇಳುತ್ತಿದ್ದ. ಅವನದು ಮಿಯೆ ಪ್ರಾಂತ. ಸೂರ್ಯದೇವಿಯ ಮಹಾಮಂದಿರ ಇರುವ ನಾಡದು ಎಂದು ತಿಳಿದಾಗ ನಾನು ಕುಳಿತಲ್ಲೇ ಕೈಮುಗಿದಿದ್ದೆ. ಅದರ ದಕ್ಷಿಣದಲ್ಲಿ ಬೆಟ್ಟಗಳು ನೇರವಾಗಿ ಕಡಲಿಗಿಳಿಯುತ್ತವೆಯಂತೆ; ದಂಡೆ ಗರಗಸದ ಹಲ್ಲಿನಂತೆ ಒಳಹೊರಗಾಗಿದೆ. ಮೊದಲು ಒಂದೊಂದು ಕೊಲ್ಲಿಗೆ ಒಂದೊಂದು ಹಳ್ಳಿ, ಅದಕ್ಕೊಬ್ಬ ಮುಖ್ಯಸ್ಥ. ಜನ ಕಡಿಮೆಯಾದಂತೆ ಹಳ್ಳಿಗಳನ್ನು ಕೂಡಿಸಿ ಪಟ್ಟಣ ಮಾಡಿದರು; ಆ ಪಟ್ಟಣಗಳನ್ನೂ ಕೂಡಿಸಿ ಇನ್ನೂ ದೊಡ್ಡದು ಮಾಡಿದರು. ಎಷ್ಟೋ ಹಳ್ಳಿಗಳ ಹೆಸರೇ ಅಳಿದುಹೋದವು.

“ನಮ್ಮ ಹುಬ್ಬಳ್ಳಿ-ಧಾರವಾಡ ಕೂಡಿಸಿದಾಂಗ ಬಿಡಪಾ,” ಎಂದಳು ನನ್ನ ಹೆಂಡತಿ. “ಆದ್ರ ನಮ್ಮಾಗ ಯಾರೂ ತಮ್ಮ ಹೆಸರು ಬಿಟ್ಟುಕೊಟ್ಟಿಲ್ಲ ನೋಡು!”

ಶ್ರಾವಣದ ಒಂದು ಮುಂಜಾನೆ, ನಾನು ಪೂಜೆಗೆ ಕೂಡುವ ಹೊತ್ತಿಗೆ ಹಿರೋಶಿ ಕೆಳಗಿಳಿದು ಬಂದ. ಮೀನುಗಾರನಾದ ಅವನ ಅಣ್ಣ ಹಿಂದಿನ ದಿನ ಬಿರುಗಾಳಿಗೆ ಸಿಕ್ಕಿ ಮರಳಿರಲಿಲ್ಲ. ದೋಣಿಗಳು ಹುಡುಕುತ್ತಿದ್ದವು.

“ಅಜ್ಜಾರ, ನಮ್ಮ ಅಣ್ಣನ ಸಲುವಾಗಿ ಪೂಜಾ ಮಾಡ್ರಿ,” ಎಂದ.

ಪೂಜೆಗೆ ಮೊದಲು ಸಂಕಲ್ಪ. ಕೈಯಲ್ಲಿ ನೀರು, ಅಕ್ಷತೆ ಹಿಡಿದು, ಯಾವ ಭೂಭಾಗ, ಯಾವ ನದಿಯ ದಂಡೆ, ಯಾವ ಊರು ಎಂದು ಹೇಳಿ ಯಾರಿಗಾಗಿ ಬೇಡುತ್ತೇವೆಂದು ತಿಳಿಸಬೇಕು. “ಎಲ್ಲಾ ಬಲ್ಲ ದೇವರಿಗೆ ದಿನಾ ಅಡ್ರೆಸ್ ಯಾಕ್ರಿ?” ಎಂದು ನನ್ನಾಕೆ ಚೇಷ್ಟೆ ಮಾಡುವುದುಂಟು. ಅಂದು ಆಕೆ ತಾನಾಗಿಯೇ ಬಿಲ್ವಪತ್ರೆಯ ತಟ್ಟೆ ತಂದಿಟ್ಟಳು. ಕಾಣೆಯಾದವನ ಊರನ್ನೇ ಹೇಳುವುದು ಉಚಿತವೆನಿಸಿ, ಹಿರೋಶಿಯಿಂದ ಅವರ ಪಟ್ಟಣದ ಹೆಸರನ್ನು ಕೇಳಿ ಬಾಯಿಗೆ ರೂಢಿ ಮಾಡಿಕೊಂಡೆ.

“ಪೂರ್ವಸಮುದ್ರತೀರೇ, ಮಿಯೆ ಪ್ರಾಂತೇ” ಎಂದವನು ಮುಂದೆ “ತಮಿನೊ ಗ್ರಾಮೇ” ಎಂದೆ.

ಪಟ್ಟಣದ ಹೆಸರು ಅದಲ್ಲ. ತಪ್ಪಿದ ಸಂಕಲ್ಪವನ್ನು ಮತ್ತೆ ಮಾಡಬೇಕೆಂದು ಹೊಸದಾಗಿ ನೀರು ಹಿಡಿದೆ. ಮನಸ್ಸಿನಲ್ಲಿ ಪಟ್ಟಣದ ಹೆಸರು ಸ್ಪಷ್ಟವಾಗಿತ್ತು. ನಾಲಿಗೆ ಮತ್ತೆ ತಮಿನೊ ಎಂದಿತು. ನನ್ನ ಧ್ವನಿಯೇ ಅದು. ಆದರೆ ಆಡಿದವನು ನಾನಲ್ಲ ಎನಿಸಿ ರೋಮಾಂಚನವಾಯಿತು.

ಹಿರೋಶಿ ಎದ್ದು ನಿಂತಿದ್ದ. “ಈ ಹೆಸರು ನಿಮಗ ಯಾರು ಹೇಳಿದ್ರು?”

ತಮಿನೊ ಅವನ ಅಜ್ಜಿಯ ತವರಂತೆ. ಅವನು ಹುಟ್ಟುವ ಮೊದಲೇ ಬರಿದಾದ, ಈಗ ದಾರಿಯೂ ಇಲ್ಲದ ಒಂದು ಸಣ್ಣ ಕೊಲ್ಲಿ. ಪಟ್ಟಣದ ನಕ್ಷೆಯಲ್ಲಿ ಅದರ ಹೆಸರಿಲ್ಲ. ಚಿಕ್ಕಂದಿನಲ್ಲಿ ಕೇಳಿದ್ದನ್ನು ಅವನೂ ಮರೆತಿದ್ದ. ಕೂಡಲೇ ಅತ್ತಿಗೆಗೆ ಫೋನ್ ಮಾಡಿದ. ಸೆಳವು ಉತ್ತರಕ್ಕಿದೆಯೆಂದು ದೋಣಿಗಳೆಲ್ಲ ಅತ್ತ ಹೋಗಿದ್ದವು. ತಮಿನೊ ಇದ್ದುದು ದಕ್ಷಿಣಕ್ಕೆ. ಆಕೆ ಹಟ ಹಿಡಿದು ಒಂದು ದೋಣಿಯನ್ನು ದಕ್ಷಿಣಕ್ಕೆ ಕಳಿಸಿದಳು. ನಾನು ಪೂಜೆ ಮುಂದುವರಿಸಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ನಾವು ಊಟ ಮುಟ್ಟದೆ ಕುಳಿತಿದ್ದಾಗ ಫೋನ್ ಬಂತು. ಅಣ್ಣ ತಮಿನೊದ ಬಂಡೆಗಳ ಮೇಲೆ ಸಿಕ್ಕಿದ್ದ. ಕಾಲು ಮುರಿದಿತ್ತು, ಜೀವವಿತ್ತು. ನನ್ನ ಹೆಂಡತಿ ಹಿರೋಶಿಯ ತಲೆ ಸವರಿ, “ಅಳು ತಮ್ಮಾ, ಈಗ ಅಳು,” ಎಂದಳು.

ಊಟದ ಮಾತುಕತೆಯಲ್ಲಿ ಎಂದೋ ಕೇಳಿ ಮರೆತಿದ್ದೆನೆ ಎಂದು ನನ್ನನ್ನೇ ಬಹಳ ಸಲ ಪರೀಕ್ಷಿಸಿಕೊಂಡಿದ್ದೇನೆ. “ಅವ ಒಂದ್ ಸಲಾನೂ ಹೇಳಿಲ್ರಿ. ನೀವು ಮರೀತೀರಿ, ನಾ ಮರಿಯಂಗಿಲ್ಲ,” ಎನ್ನುತ್ತಾಳೆ ನನ್ನಾಕೆ. ಕಾಕತಾಳೀಯ ಎಂದರು ಒಬ್ಬ ಪಂಡಿತ ಮಿತ್ರರು. ಅವರ ಸ್ಥಾನದಲ್ಲಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ.

ಕೆಲಸ ಮುಗಿಸಿ ತನ್ನ ನಾಡಿಗೆ ಹೊರಟ ದಿನ ಹಿರೋಶಿ ಮತ್ತೆ ಕೇಳಿದ: “ಅಜ್ಜಾರ, ಖರೇ ಹೇಳ್ರಿ, ಯಾರು ಹೇಳಿದ್ರು?”

“ಗೊತ್ತಿಲ್ಲಪಾ,” ಎಂದೆ.

ಅವನು ತಮ್ಮ ಪದ್ಧತಿಯಂತೆ ನಡು ಬಾಗಿಸಿ ಬಹಳ ಹೊತ್ತು ನಮಸ್ಕರಿಸಿದ. ಆ ನಮಸ್ಕಾರ ನನಗೆ ಸಲ್ಲತಕ್ಕದ್ದಲ್ಲವೆಂದು ಬಲ್ಲೆ. ಯಾರಿಗೆ ಸಲ್ಲಬೇಕೆಂಬುದನ್ನು ಇಂದಿಗೂ ಅರಿಯೆ.