ಸೆರಗು ಸಿಗಿಸಿದ ಸೂಪರ್‌ಹೀರೋ

ವಿಜಯಪುರದ ಕಾಮಿಕ್ಸ್ ಮೇಳಕ್ಕೆ ಬಂದಿದ್ದೆ. ಇಂಥ ಮೇಳ ಎಲ್ಲೇ ನಡೆಯಲಿ, ಕಲಾವಿದರ ಕೈಯಲ್ಲಿ ಸೂಪರ್‌ಹೀರೋಗಳ ಸ್ಕೆಚ್ ಬರೆಸಿಕೊಳ್ಳುವುದು ನನ್ನ ಹುಚ್ಚು. ಹೀರೋ ಯಾರೇ ಆಗಿರಲಿ, ಬೆನ್ನ ಹಿಂದೆ ಕೇಪು ಎಂಬ ಉದ್ದ ಬಟ್ಟೆ ಪಟಪಟ ಹಾರುತ್ತಲೇ ಇರುತ್ತದೆ.

ಇಲ್ಲಿ ಹೆಸರುವಾಸಿ ಕಲಾವಿದರೊಬ್ಬರ ಟೇಬಲ್ಲಿಗೆ ಜನ ಮುತ್ತಿದ್ದರು. ಪಕ್ಕದ ಟೇಬಲ್ಲಿನಲ್ಲಿ ನಿಡೋಣಿಯ ಸುಜಾತಾ, ಅವಳ ಹಿಂದೆ ತಾಯಿ. ಹುಡುಗಿಗೆ ಇದು ಮೊದಲ ಮೇಳ. ಬೆಳಿಗ್ಗೆಯಿಂದ ಒಬ್ಬರೂ ಅವಳಿಂದ ಚಿತ್ರ ಬರೆಸಿರಲಿಲ್ಲ. ನನ್ನ ಸ್ಕೆಚ್ ಪುಸ್ತಕ ಚಾಚಿ, "ನಿಮ್ಮದೇ ಹೀರೋ ಒಬ್ಬಳನ್ನು ಬರೆಯಿರಿ" ಎಂದೆ. ಹಾರುವ ಹೆಂಗಸೊಬ್ಬಳನ್ನು ಬರೆದಳು. ಕೇಪು ಎಂದಿನಂತೆ ಗಾಳಿಯಲ್ಲಿತ್ತು.

ತಾಯಿ ಬಗ್ಗಿ ನೋಡಿದರು. "ಸೆರಗ ಹಂಗ್ಯಾಕ ಬಿಟ್ಟಿ? ಗಾಡಿ ಗಾಲ್ಯಾಗ ಸಿಗತೈತಿ."

"ಯವ್ವಾ, ಇಕಿ ಗಾಡಿ ಮ್ಯಾಲಿಲ್ಲ ಬೇ, ಹಾರಾಕತ್ತಾಳ."

"ಹಾರಲಿ. ಕೆಲಸಕ್ಕ ಹೊಂಟಾಕಿ ಸೆರಗ ಸಿಗಿಸ್ಕೊಬೇಕಿಲ್ಲೇನು?"

ಸುಜಾತಾ ಆ ಕೇಪನ್ನು ಅಳಿಸಿ, ಅದನ್ನೇ ಹೀರೋಳ ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಗಿಸಿದಂತೆ ಬರೆದಳು. ಇಷ್ಟು ವರ್ಷ ನಾನು ಕೂಡಿಟ್ಟ ಹೀರೋಗಳೆಲ್ಲ ಫೋಟೋಗೆ ನಿಂತವರು; ಇವಳೊಬ್ಬಳು ಯಾರನ್ನೋ ಉಳಿಸಲು ಹೊರಟವಳು. ಪುಸ್ತಕ ಎತ್ತಿ ಹಿಡಿದು, "ಇಲ್ಲಿ ನೋಡಿ!" ಎಂದು ಕೂಗಿಯೇಬಿಟ್ಟೆ.

ಪಕ್ಕದ ಗುಂಪು ಇತ್ತ ಹೊರಳಿತು. ಆ ಹೆಸರುವಾಸಿ ಕಲಾವಿದರೇ ಎದ್ದು ಬಂದು ಹಾಳೆ ಚಾಚಿದರು: "ನನಗೂ ಒಂದ ಬರದ ಕೊಡ್ರಿ." ಅವರ ಹಿಂದೆಯೇ ನೂಕುನುಗ್ಗಲು.

ತಾಯಿ ಎದ್ದು ನಿಂತು, ತಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿದರು.

"ಏ, ನೂಕಬ್ಯಾಡ್ರಿ! ಪಾಳಿ ಹಚ್ರಿ!"