ಗಡಿಯಾರದವರ ಮೀನಿನ ಬರಣಿ

ನಿಜಾಮರ ಕಾಲದಲ್ಲಿ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಒಬ್ಬ ಗಡಿಯಾರ ರಿಪೇರಿಯವರಿದ್ದರು. ಕಮಲಾಪುರದ ಹಳ್ಳದಿಂದ ಪುಟ್ಟ ಮೀನು ತಂದು ಗಾಜಿನ ಬರಣಿಯಲ್ಲಿ ಸಾಕುತ್ತಿದ್ದರು. ಗಡಿಯಾರ ನೋಡುವ ಭೂತಗನ್ನಡಿಯಿಂದಲೇ ಮೀನನ್ನೂ ನೋಡುವರು, ಕೇಳಿದವರಿಗೆಲ್ಲ ಒಂದೆರಡು ಮೀನು ಕೊಡುವರು. ಹಾಗೆ ಪಡೆದ ನಾವು ಎಂಟು ಜನ ನಿಯಮ ಬರೆದು ಮೀನು ಸಾಕುವವರ ಸಂಘ ಕಟ್ಟಲು ಹೊರಟೆವು. ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು ನೀರು ಬದಲಿಸಬಹುದೆಂಬುದು ನಮ್ಮ ವಾದ.

“ಅದು ಈಗೂ ಮಾಡ್ತೀವಲ್ರೀ. ಮೀನಿಗಿ ನೀರು ಬೇಕು, ಕಾಯ್ದೆ ಯಾಕ?” ಎಂಬುದೊಂದೇ ಗಡಿಯಾರದವರ ಮಾತು.

ಆದರೂ ಮೊದಲ ಸಭೆಗೆ ಬರಣಿ ಹಿಡಿದು ಬಂದರು. ಸುಡುಬಿಸಿಲು. ಬೇವಿನ ನೆರಳಲ್ಲಿದ್ದದ್ದು ಅಧ್ಯಕ್ಷರ ಕುರ್ಚಿಯೊಂದೇ. ಅದರಲ್ಲಿ ಯಾರು ಕೂಡಬೇಕೆಂದು ನಾವು ಜಗಳಾಡುತ್ತಿದ್ದೆವು. ಅವರು ಬರಣಿಯನ್ನು ಅದರ ಮೇಲಿಟ್ಟರು.

“ಬಿಸಿಲಿಗಿ ಇವು ತಾಳಂಗಿಲ್ರೀ.”

ಸಂಘ ಇರುವವರೆಗೂ ಆ ಕುರ್ಚಿಯಲ್ಲಿ ಮನುಷ್ಯರಾರೂ ಕೂಡಲಿಲ್ಲ.